ಸೈಕಲ್ಲಿಗೆ ಪ್ರೊಪೆಲ್ಲರ್ ಕಟ್ಟಿದ್ರೆ ಓಡುತ್ತಾ?

ಪ್ರಶ್ನೆ: ಹಳೇ ಸೈಕಲ್ ಹಿಂದೆ ಡ್ರೋನ್ ಮೋಟರ್, ಪ್ರೊಪೆಲ್ಲರ್ ಹಾಕಿ ಓಡಿಸ್ಬೇಕಂತಿದೀನಿ ಸರ್, ಆಗುತ್ತಾ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಖಂಡಿತ ಓಡುತ್ತೆ, ಕೈಯಾರೆ ಮಾಡಿ ನೋಡೋ ಆಸೆ ಇದ್ಯಲ್ಲ ಅದೇ ಖುಷಿ. ಆದ್ರೆ ಚಿಕ್ಕ ಪ್ರೊಪೆಲ್ಲರನ್ನ ಜೋರಾಗಿ ತಿರುಗಿಸಿದ್ರೆ ಬ್ಯಾಟರಿ ಶಕ್ತಿ ಬಹುಪಾಲು ಗಾಳಿಯನ್ನ ಹಿಂದಕ್ಕೆ ಎಸೆಯೋದ್ರಲ್ಲೇ ಹೋಗುತ್ತೆ, ಸೈಕಲ್ ಸ್ಪೀಡಿಗೆ ಚಕ್ರದೊಳಗಿನ ಹಬ್ ಮೋಟರೇ ಎಷ್ಟೋ ಮೇಲು. ಪ್ರೊಪೆಲ್ಲರೇ ಬೇಕಂದ್ರೆ ದೊಡ್ಡದು ಹಾಕಿ, ನಿಧಾನ ತಿರುಗ್ಸಿ. ರೆಕ್ಕೆ ತುದಿಯಿಂದ ತುದಿಗೆ ಇರೋ ಅಳತೆ (ವ್ಯಾಸ) ಎರಡು ಪಟ್ಟಾದ್ರೆ ಅಷ್ಟೇ ಪವರ್‌ಗೆ ನಿಂತಲ್ಲಿ ಸಿಗೋ ತಳ್ಳೋ ಬಲ ಸುಮಾರು 1.6 ಪಟ್ಟಾಗುತ್ತೆ. ಸುತ್ತ ಗಟ್ಟಿ ಜಾಲರಿ ಇಲ್ದೆ ಸ್ವಿಚ್ ಮುಟ್ಲೇಬೇಡಿ, ಬೆರಳು ಹೋಗುತ್ತೆ, ರೆಕ್ಕೆ ಮುರಿದ್ರೆ ಪಕ್ಕದಲ್ಲಿ ನಿಂತೋರಿಗೂ ಬಡಿಯುತ್ತೆ. ಬ್ರೇಕ್ ಹಿಡಿದ ತಕ್ಷಣ ಮೋಟರ್ ನಿಲ್ಲೋ ಕಟಾಫ್ ಸ್ವಿಚ್ ಇರ್ಲಿ. ಮೊದಲು ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕ್ಕೊಂಡು, ದೊಡ್ಡೋರು ಯಾರಾದ್ರೂ ಜೊತೆಗಿದ್ದಾಗ ಓಡ್ಸಿ.