ಕ್ಯಾಲಿಫೋರ್ನಿಯಾದ ಬಿಸಿಲು ದುಬಾರಿ, ಆದರೆ ಎಷ್ಟು ದುಬಾರಿ?

ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿರುವ ಮಂಗಳೂರು, ಉಡುಪಿ ಕಡೆಯ ಹೆತ್ತವರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಸಂಶಯ ಒಂದೇ: ಅಷ್ಟು ಖರ್ಚಿನ ರಾಜ್ಯದಲ್ಲಿದ್ದು ಕೊನೆಗೆ ಏನಾದರೂ ಉಳಿಯುತ್ತದೆಯೇ? ನಾಲ್ಕು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗ, ಸೊಸೆ ಇಬ್ಬರೂ ಎಚ್-1ಬಿ ವೀಸಾದಲ್ಲಿ ಸನ್ನಿವೇಲ್‌ನ ಒಂದೇ ಕಂಪನಿಯಲ್ಲಿದ್ದಾರೆ. ಇಬ್ಬರದೂ ಸೇರಿ ವರ್ಷಕ್ಕೆ 2 ಲಕ್ಷ ಡಾಲರ್ ಸಂಬಳ, ಫ್ಲ್ಯಾಟಿನ ಬಾಡಿಗೆ ತಿಂಗಳಿಗೆ 3,500. ಈಗ ಕಂಪನಿ ಟೆಕ್ಸಾಸಿನ ಡಲ್ಲಾಸಿಗೆ ಹೋಗಲು ಹೇಳುತ್ತಿದೆ. ಸಂಬಳ ಶೇ. 10 ಇಳಿಯುತ್ತದೆ, ಆದರೆ ಬಾಡಿಗೆ 1,900ಕ್ಕೆ ಮುಗಿಯುತ್ತದಂತೆ, ರಾಜ್ಯದ ಆದಾಯ ತೆರಿಗೆಯೂ ಇಲ್ಲವಂತೆ. ಮೊಮ್ಮಗಳಿಗೆ ನಾಲ್ಕು ವರ್ಷ. ಹೋಗುವುದು ಒಳ್ಳೆಯದೇ?
(ಕುಂಜಿಬೆಟ್ಟು, ಉಡುಪಿ)

ಉತ್ತರ: ಎಲ್ಲರೂ ಹೆದರುವುದು ತೆರಿಗೆಗೆ. ‘ಕ್ಯಾಲಿಫೋರ್ನಿಯಾದಲ್ಲಿ ಶೇ. 13.3 ತೆರಿಗೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಅದು ವರ್ಷಕ್ಕೆ 10 ಲಕ್ಷ ಡಾಲರಿಗೂ ಮಿಕ್ಕಿ ದುಡಿಯುವವರಿಗೆ ತಾಗುವ ದರ. ಉಳಿದವರಿಗೆ ಶೇ. 1ರಿಂದ ಶುರುವಾಗಿ ಹಂತಹಂತವಾಗಿ ಏರುತ್ತದೆ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕಿದರೆ, 2024ರ ದರಪಟ್ಟಿಯಂತೆ, ತೆರಿಗೆಗೆ ಒಳಪಡುವ ಆದಾಯ ಸುಮಾರು 1.41 ಲಕ್ಷ ಡಾಲರ್ ದಾಟಿದ ಮೇಲಷ್ಟೇ ಶೇ. 9.3. ಹೀಗೆ ಲೆಕ್ಕ ಹಾಕಿದರೆ 2 ಲಕ್ಷ ಸಂಬಳಕ್ಕೆ ರಾಜ್ಯದ ತೆರಿಗೆ 10,000 ಡಾಲರ್ ಆಸುಪಾಸು. ಇದರ ಮೇಲೆ ಎಸ್‌ಡಿಐ (ರಾಜ್ಯದ ಅಂಗವೈಕಲ್ಯ ವಿಮೆ) ಎಂಬ ಕಡಿತವಿದೆ. 2025ರಲ್ಲಿ ಅದು ಶೇ. 1.2, ಅಂದರೆ 2,400 ಡಾಲರ್. 2024ರಿಂದ ಇದಕ್ಕೆ ಸಂಬಳದ ಮೇಲ್ಮಿತಿ ಇಲ್ಲ. ಒಟ್ಟಿನಲ್ಲಿ ತಿಂಗಳಿಗೆ ಸಾವಿರ ಡಾಲರ್ ಎಂದಿಟ್ಟುಕೊಳ್ಳಿ.

ಈಗ ಸಂಬಳದ ಇಳಿಕೆ ನೋಡಿ. 20,000 ಡಾಲರ್ ಕಡಿಮೆಯಾದರೆ ಕೇಂದ್ರ ತೆರಿಗೆ, ಸೋಷಿಯಲ್ ಸೆಕ್ಯುರಿಟಿ ಕಳೆದು ಕೈಗೆ ಬರುವುದರಲ್ಲಿ ಸುಮಾರು 14,000 ಖೋತಾ. ತೆರಿಗೆಯಲ್ಲಿ ಉಳಿಯುವುದು 12,400. ಅಂದರೆ ತೆರಿಗೆಯ ಲಾಭವನ್ನು ಸಂಬಳದ ಕಡಿತವೇ ನುಂಗಿಹಾಕಿತು. ನಿಜವಾದ ಲಾಭ ಬಾಡಿಗೆಯಲ್ಲಿ: ತಿಂಗಳಿಗೆ 1,600ರಂತೆ ವರ್ಷಕ್ಕೆ 19,200. ಎಲ್ಲ ಕೂಡಿ ಕಳೆದರೆ ಡಲ್ಲಾಸಿನಲ್ಲಿ ವರ್ಷಕ್ಕೆ ಸುಮಾರು 17,500 ಡಾಲರ್ ಹೆಚ್ಚು ಉಳಿಯಬಹುದು.

ಇದರಲ್ಲಿ ಒಂದಿಷ್ಟು ಮೊಮ್ಮಗಳ ಶಾಲೆಗೆ ಹೋಗುತ್ತದೆ. 2025–26ರಿಂದ ಕ್ಯಾಲಿಫೋರ್ನಿಯಾದ ಸರಕಾರಿ ಶಾಲೆಗಳಲ್ಲಿ, ಸೆಪ್ಟೆಂಬರ್ 1ಕ್ಕೆ ನಾಲ್ಕು ತುಂಬಿದ ಎಲ್ಲ ಮಕ್ಕಳಿಗೂ ಟಿಕೆ (ಕಿಂಡರ್‌ಗಾರ್ಟನ್‌ಗೆ ಮೊದಲಿನ) ತರಗತಿ ಉಚಿತ. ಟೆಕ್ಸಾಸಿನಲ್ಲಿ ಉಚಿತ ಪ್ರಿ-ಕೆ ಇದ್ದರೂ ಅರ್ಹತೆಯ ಷರತ್ತುಗಳಿವೆ. ಆದರೆ ಟಿಕೆ ಹಲವೆಡೆ ಅರ್ಧ ದಿನ ಮಾತ್ರ. ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮಧ್ಯಾಹ್ನದ ನಂತರ ಮಗುವನ್ನು ನೋಡಿಕೊಳ್ಳುವವರಿಗೆ ಬೇರೆ ದುಡ್ಡು ಬೇಕು.

ಹಣಕ್ಕಿಂತ ದೊಡ್ಡ ವಿಷಯ ವೀಸಾ. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಪರ್ಮ್ ಅರ್ಜಿ ಕೆಲಸದ ಊರಿಗೆ ಅಂಟಿಕೊಂಡಿರುತ್ತದೆ. ಸನ್ನಿವೇಲ್‌ಗೆಂದು ಹಾಕಿದ ಪರ್ಮ್ ಡಲ್ಲಾಸಿಗೆ ನಡೆಯುವುದಿಲ್ಲ, ಹೊಸದಾಗಿ ಹಾಕಬೇಕು. ಅದರ ಮುಂದಿನ ಮೆಟ್ಟಿಲಾದ ಐ-140 ಅರ್ಜಿ ಮಂಜೂರಾಗಿದ್ದರೆ ಭಯವಿಲ್ಲ. ಸರತಿಯ ದಿನಾಂಕ ಕೈಯಲ್ಲೇ ಉಳಿಯುತ್ತದೆ, ಆರು ವರ್ಷದ ಆಚೆಗೂ ಎಚ್-1ಬಿ ವಿಸ್ತರಣೆ ಸಿಗುತ್ತದೆ. ಐ-140 ಇನ್ನೂ ಬಾರದೆ ಎಚ್-1ಬಿಯ ಐದನೆಯ ವರ್ಷ ನಡೆಯುತ್ತಿದ್ದರೆ ಈಗ ಹೊರಡಬೇಡಿ ಎಂದೇ ನಮ್ಮ ಸಲಹೆ. ಹೊರಡುವುದಾದರೆ ಎಚ್-1ಬಿ ತಿದ್ದುಪಡಿ ಅರ್ಜಿಯನ್ನು ಕಂಪನಿ ಮೊದಲೇ ಸಲ್ಲಿಸಬೇಕು. ಡಲ್ಲಾಸಿನಲ್ಲಿ ಕೆಲಸ ಶುರುಮಾಡಿದ ಮೇಲೆ ಸಲ್ಲಿಸುವುದಲ್ಲ. ಹೊಸ ಪರ್ಮ್ ಯಾವಾಗ ಹಾಕುತ್ತಾರೆಂದು ಬರಹದಲ್ಲಿ ಕೇಳಿ ಪಡೆಯಲಿ.

ಕೆಲಸ ಹೋದರೆ ಎಚ್-1ಬಿಯವರಿಗೆ ಸಾಮಾನ್ಯವಾಗಿ ಸಿಗುವುದು ಗರಿಷ್ಠ 60 ದಿನ. ಅಷ್ಟರಲ್ಲಿ ಮನೆ ಬದಲಿಸದೆ, ಮಗುವಿನ ಶಾಲೆ ಬದಲಿಸದೆ ಬೇರೆ ಕೆಲಸ ಹಿಡಿಯಲು, ಸನ್ನಿವೇಲ್ ಇರುವ ಬೇ ಏರಿಯಾದಷ್ಟು ಕಂಪನಿಗಳು ಒಂದೆಡೆ ಇರುವ ಜಾಗ ಕಡಿಮೆ. ಜೊತೆಗೆ ‘ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು’ ಎಂಬ ಕರಾರು ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಊರ್ಜಿತವಲ್ಲ. ಒಂದೇ ಕಂಪನಿಯ ಸಂಬಳದ ಮೇಲೆ ಇಡೀ ಸಂಸಾರ ನಿಂತಿರುವ ನಿಮ್ಮ ಮಗ, ಸೊಸೆಗೆ ಇದು ಸಣ್ಣ ರಕ್ಷಣೆಯಲ್ಲ.

ಕಂಪನಿಯ ಷೇರು (ಆರ್‌ಎಸ್‌ಯು) ಬರಲಿಕ್ಕಿದ್ದರೆ ಇನ್ನೊಂದು ಮಾತು. ಷೇರು ಘೋಷಿಸಿದ ದಿನದಿಂದ ಕೈಗೆ ಬರುವ ದಿನದವರೆಗಿನ ಕೆಲಸದ ದಿನಗಳಲ್ಲಿ ಎಷ್ಟು ಕ್ಯಾಲಿಫೋರ್ನಿಯಾದಲ್ಲಿ ಕಳೆದಿವೆಯೋ ಅಷ್ಟು ಪಾಲಿಗೆ ಆ ರಾಜ್ಯದ ತೆರಿಗೆ ಬರುತ್ತದೆ, ಟೆಕ್ಸಾಸಿಗೆ ಹೋದ ಮೇಲೂ. ರಾಜ್ಯ ಬದಲಿಸಿದ ವರ್ಷದ ರಿಟರ್ನನ್ನು 540ಎನ್ಆರ್ ಫಾರ್ಮಿನಲ್ಲಿ ಹಾಕಬೇಕು.

ಪ್ರಶ್ನೆ: ಮಗಳು ಸ್ಯಾನ್ ಹೋಸೆಯಲ್ಲಿ 15 ಲಕ್ಷ ಡಾಲರಿನ ಮನೆ ನೋಡಿದ್ದಾಳೆ. ಈಗ ತಿಂಗಳಿಗೆ 5,000 ಡಾಲರ್ ಬಾಡಿಗೆಯ ಅಂಥದ್ದೇ ಮನೆಯಲ್ಲಿದ್ದಾಳೆ. ದೇರೇಬೈಲಿನ ನಮ್ಮ ಸೈಟ್ ಮಾರಿ 1 ಕೋಟಿ ರೂಪಾಯಿ ಕಳುಹಿಸಿದರೆ ಹೇಗೆ?
(ಬಿಜೈ, ಮಂಗಳೂರು)

ಉತ್ತರ: ಈ ಲೆಕ್ಕದಲ್ಲಿ ಸೈಟ್ ಮಾರಬೇಡಿ. ಶೇ. 20 ಕೈಯಿಂದ ಹಾಕಿದರೂ 12 ಲಕ್ಷ ಡಾಲರ್ ಸಾಲ. ಶೇ. 6.5ರ ಬಡ್ಡಿಗೆ 30 ವರ್ಷದ ಕಂತು ತಿಂಗಳಿಗೆ ಸುಮಾರು 7,585. ಮೊದಲ ತಿಂಗಳ ಕಂತಿನಲ್ಲಿ 6,500 ಬರೀ ಬಡ್ಡಿ, ಅಸಲಿಗೆ ಹೋಗುವುದು 1,085 ಮಾತ್ರ. ಮನೆ ತೆರಿಗೆ ಮೂಲತಃ ಶೇ. 1, ಸ್ಥಳೀಯ ಸೇರ್ಪಡೆಗಳೊಂದಿಗೆ ಶೇ. 1.2 ಎಂದು ಹಿಡಿದರೆ ತಿಂಗಳಿಗೆ 1,500. ವಿಮೆ, ರಿಪೇರಿ ಬೇರೆ. ಮತ್ತೆ ಕೈಗೆ ಬಾರದ ಹಣ ತಿಂಗಳಿಗೆ 8,000 ದಾಟುವಾಗ 5,000ದ ಬಾಡಿಗೆಯೇ ಅಗ್ಗ. ಬಡ್ಡಿಗೆ ಸಿಗುವ ಕೇಂದ್ರ ತೆರಿಗೆ ವಿನಾಯಿತಿಯೂ 7.5 ಲಕ್ಷ ಡಾಲರ್ ಸಾಲದವರೆಗೆ ಮಾತ್ರ.

ಆದರೂ ಜನ ಯಾಕೆ ಕೊಳ್ಳುತ್ತಾರೆ? ಅದಕ್ಕೆ ಒಂದು ಕಾರಣ 1978ರ ಪ್ರಪೊಸಿಷನ್ 13. ಕೊಂಡ ಬೆಲೆಯ ಮೇಲೆ ತೆರಿಗೆ ನಿಗದಿಯಾಗುತ್ತದೆ. ಆಮೇಲೆ ಪೇಟೆ ಬೆಲೆ ಎಷ್ಟೇ ಏರಲಿ, ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ 15–20 ವರ್ಷ ಅಲ್ಲೇ ಇರುವವರಿಗೆ ಲಾಭ. ಐದು ವರ್ಷದಲ್ಲಿ ಊರಿಗೆ ಬರುವ ಯೋಚನೆ ಇದ್ದವರಿಗೆ ಇದರಿಂದ ಸಿಗುವುದು ಅತ್ಯಲ್ಪ.

ಹೊಸದಾಗಿ ಕೊಂಡವರು ಮುಗ್ಗರಿಸುವ ಜಾಗ ಒಂದಿದೆ. ಹಳೆಯ ಮಾಲೀಕನ ಕಡಿಮೆ ಮೌಲ್ಯಕ್ಕೂ ಹೊಸ ಬೆಲೆಗೂ ಇರುವ ವ್ಯತ್ಯಾಸಕ್ಕೆ ಕೆಲವು ತಿಂಗಳ ಬಳಿಕ ‘ಸಪ್ಲಿಮೆಂಟಲ್’ ಬಿಲ್ ಪ್ರತ್ಯೇಕ ಬರುತ್ತದೆ. ಸಾಲ ಕೊಟ್ಟ ಬ್ಯಾಂಕ್ ಸಾಮಾನ್ಯವಾಗಿ ಅದನ್ನು ಕಟ್ಟುವುದಿಲ್ಲ, ಬಿಲ್ ನೇರ ಮನೆಯವರಿಗೇ ಬರುತ್ತದೆ. ಬ್ಯಾಂಕ್ ಕಟ್ಟುತ್ತದೆಂದು ಸುಮ್ಮನಿದ್ದರೆ ಶೇ. 10 ದಂಡ.

ವಿಮೆಯ ದರವನ್ನು ಮನೆಗೆ ಆಫರ್ ಕೊಡುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಲಿ. ಗುಡ್ಡದ ಬದಿಯ, ಕಾಳ್ಗಿಚ್ಚಿನ ವಲಯದ ಮನೆಗಳಿಗೆ ಮಾಮೂಲಿ ಕಂಪನಿಗಳು ಹಿಂದೇಟು ಹಾಕುತ್ತಿವೆ. ಆಗ ಉಳಿಯುವುದು ಕೊನೆಯ ದಾರಿಯಾದ ಫೇರ್ ಪ್ಲ್ಯಾನ್, ಅದು ಹೆಚ್ಚಾಗಿ ದುಬಾರಿ ಮತ್ತು ರಕ್ಷಣೆಯೂ ಸೀಮಿತ. ಭೂಕಂಪ ಮಾಮೂಲಿ ವಿಮೆಯಲ್ಲಿ ಬರುವುದೇ ಇಲ್ಲ. ಪ್ರತ್ಯೇಕ ಭೂಕಂಪ ವಿಮೆ ಮಾಡಿಸಿದರೂ 6 ಲಕ್ಷ ಡಾಲರಿನ ಕವರೇಜಿಗೆ ಶೇ. 15 ಡಿಡಕ್ಟಿಬಲ್ ಇದ್ದರೆ ಮೊದಲ 90,000 ಡಾಲರ್ ನಷ್ಟ ನಮ್ಮದೇ.

ಇನ್ನು ಹಣ ಕಳುಹಿಸುವುದು. ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರಿನವರೆಗೆ ಕಳುಹಿಸಬಹುದು. ಆದರೆ 2025ರ ಏಪ್ರಿಲ್‌ನಿಂದ ಇರುವ ನಿಯಮದಂತೆ ಗಿಫ್ಟ್ ಮೊತ್ತ 10 ಲಕ್ಷ ರೂಪಾಯಿ ಮೀರಿದರೆ ಮೀರಿದ್ದಕ್ಕೆ ಶೇ. 20 ಟಿಸಿಎಸ್ (ಬ್ಯಾಂಕ್ ಮೊದಲೇ ವಸೂಲಿ ಮಾಡುವ ತೆರಿಗೆ). ಒಬ್ಬರ ಹೆಸರಿನಲ್ಲೇ 1 ಕೋಟಿ ಕಳುಹಿಸಿದರೆ ಮೇಲಿನಿಂದ 18 ಲಕ್ಷ ಕಟ್ಟಿ, ರಿಟರ್ನ್ ಹಾಕಿ ವಾಪಸ್ ಪಡೆಯುವವರೆಗೆ ಕಾಯಬೇಕು. ಸೈಟ್ ಮಾರಾಟದ ಲಾಭಕ್ಕೆ ತೆರಿಗೆ ಬೇರೆ: 2024ರ ಜುಲೈ 23ಕ್ಕೆ ಮೊದಲು ಕೊಂಡ ಸೈಟಾದರೆ ಇಂಡೆಕ್ಸೇಶನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವುದು) ಇಲ್ಲದೆ ಶೇ. 12.5, ಅಥವಾ ಇಂಡೆಕ್ಸೇಶನ್‌ನೊಂದಿಗೆ ಶೇ. 20, ಯಾವುದು ಕಡಿಮೆಯೋ ಅದು. ಅಲ್ಲಿ ಮಗಳಿಗೆ ಗಿಫ್ಟ್ ಮೇಲೆ ತೆರಿಗೆ ಇಲ್ಲ. ಆದರೆ ತಂದೆ ತಾಯಿ ಇಬ್ಬರದೂ ಸೇರಿ ವರ್ಷಕ್ಕೆ 1 ಲಕ್ಷ ಡಾಲರ್ ಮೀರಿದರೆ ಅವಳು 3520 ಫಾರ್ಮ್ ಸಲ್ಲಿಸಲೇಬೇಕು. ಮರೆತರೆ ತಿಂಗಳಿಗೆ ಗಿಫ್ಟಿನ ಶೇ. 5ರಂತೆ ಶೇ. 25ರವರೆಗೆ ದಂಡ.

ಪ್ರಶ್ನೆ: ಮಗ ಸ್ಯಾನ್ ಡಿಯಾಗೊದಲ್ಲಿದ್ದಾನೆ. ಅವನ ಎನ್ಆರ್‌ಒ (ಅನಿವಾಸಿಗಳ ಭಾರತದ ಆದಾಯದ ಖಾತೆ) ಡೆಪಾಸಿಟ್ಟಿನ ಬಡ್ಡಿಗೆ ಇಲ್ಲೇ ಟಿಡಿಎಸ್ ಕಡಿದಾಗಿದೆ. ಅಲ್ಲಿ ಮತ್ತೆ ತೆರಿಗೆ ಯಾಕೆ? ಎರಡು ದೇಶಗಳ ನಡುವೆ ಒಪ್ಪಂದ ಇದೆಯಲ್ಲ?
(ಬ್ರಹ್ಮಾವರ)

ಉತ್ತರ: ಒಪ್ಪಂದ ಇರುವುದು ಅಮೆರಿಕದ ಕೇಂದ್ರ ಸರಕಾರದೊಂದಿಗೆ. ಅಲ್ಲಿನ ಕೇಂದ್ರ ರಿಟರ್ನಿನಲ್ಲಿ 1116 ಫಾರ್ಮ್ ಹಾಕಿದರೆ ಇಲ್ಲಿ ಕಟ್ಟಿದ್ದಕ್ಕೆ ಕ್ರೆಡಿಟ್ ಸಿಗುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಆ ಒಪ್ಪಂದವನ್ನು ಒಪ್ಪುವುದಿಲ್ಲ, ವಿದೇಶದ ತೆರಿಗೆಗೆ ಕ್ರೆಡಿಟ್ಟನ್ನೂ ಕೊಡುವುದಿಲ್ಲ. 5 ಲಕ್ಷ ರೂಪಾಯಿ ಬಡ್ಡಿ ಬಂದರೆ, ಶೇ. 9.3ರ ಹಂತದಲ್ಲಿರುವವರು ಆ ರಾಜ್ಯಕ್ಕೆ 46,500 ರೂಪಾಯಿಯಷ್ಟು ಹೆಚ್ಚುವರಿ ಕಟ್ಟಬೇಕು. ಎನ್ಆರ್‌ಇ (ವಿದೇಶದ ದುಡಿಮೆಯನ್ನು ಇಡುವ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಕೇಂದ್ರ, ರಾಜ್ಯ ಎರಡೂ ಕಡೆ ಇದೆ. ಊರಿನಲ್ಲಿ ದೊಡ್ಡ ಡೆಪಾಸಿಟ್, ಬಾಡಿಗೆ ಆದಾಯ ಇದ್ದವರು ಕ್ಯಾಲಿಫೋರ್ನಿಯಾದ ಖರ್ಚಿನಲ್ಲಿ ಇದನ್ನೂ ಸೇರಿಸಿ ನೋಡಬೇಕು. ಹೆಚ್ಚಿನವರು ಸೇರಿಸುವುದೇ ಇಲ್ಲ.

ಇಲ್ಲಿನ ಕಡಿತವನ್ನಾದರೂ ಇಳಿಸಬಹುದು. ಎನ್ಆರ್‌ಒ ಬಡ್ಡಿಗೆ ಮಾಮೂಲಿ ಟಿಡಿಎಸ್ ಸೆಸ್ ಸೇರಿ ಶೇ. 31.2. ಅಮೆರಿಕದ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟನ್ನು (6166) ಬ್ಯಾಂಕಿಗೆ ಕೊಟ್ಟು ಅವರು ಕೇಳುವ ಘೋಷಣೆ ಸಲ್ಲಿಸಿದರೆ ಶೇ. 15. ಎಲ್ಲ ಭಾರತೀಯ ಖಾತೆಗಳ ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದ್ದರೆ ಅಮೆರಿಕಕ್ಕೆ ಎಫ್‌ಬಿಎಆರ್ (ವಿದೇಶಿ ಖಾತೆಗಳ) ವರದಿ ಕಡ್ಡಾಯ.

ಪ್ರಶ್ನೆ: ನನಗೆ 68 ವರ್ಷ, ಉಬ್ಬಸ ಇದೆ. ಅಲ್ಲಿ ವರ್ಷವಿಡೀ ಒಳ್ಳೆಯ ಬಿಸಿಲು ಎಂದು ಮಗ ಕರೆಯುತ್ತಿದ್ದಾನೆ. ಯಾವಾಗ ಹೋಗುವುದು ಒಳ್ಳೆಯದು?
(ಮಣಿಪಾಲ)

ಉತ್ತರ: ಏಪ್ರಿಲ್‌ನಲ್ಲಿ ಹೊರಟು ಜುಲೈ ಒಳಗೆ ಮರಳಿ. ಅಲ್ಲಿ ಮಳೆ ನವೆಂಬರಿನಿಂದ ಮಾರ್ಚ್‌ವರೆಗೆ, ಅದೂ ನಮ್ಮ ಲೆಕ್ಕಕ್ಕೆ ಹನಿ ಮಾತ್ರ: ಲಾಸ್ ಏಂಜಲೀಸಿನಲ್ಲಿ ವರ್ಷಕ್ಕೆ 400 ಮಿಲಿಮೀಟರಿಗೂ ಕಡಿಮೆ. ಬೇಸಿಗೆ ಒಣ. ಹಾಗಾಗಿ ಆಗಸ್ಟ್‌ನಿಂದ ಮೊದಲ ಮಳೆ ಬೀಳುವವರೆಗೆ ಕಾಳ್ಗಿಚ್ಚಿನ ಹೊಗೆಯ ಅಪಾಯ ಹೆಚ್ಚು, ಉಬ್ಬಸದವರಿಗೆ ಅದೇ ದೊಡ್ಡ ತೊಂದರೆ. ಹೊಗೆಯ ದಿನಗಳಲ್ಲಿ ಕಿಟಕಿ ಮುಚ್ಚಿ, ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಹಾಕಿ ಒಳಗಿರಬೇಕು. ‘ಬಿಸಿಲು’ ಎಂಬುದೂ ಊರಿಂದ ಊರಿಗೆ ಬೇರೆ. ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಂಜು ಮುಸುಕಿ 20 ಡಿಗ್ರಿ ಆಸುಪಾಸಿನಲ್ಲಿದ್ದರೆ, ಒಳನಾಡಿನ ಫ್ರೆಸ್ನೊದಲ್ಲಿ 37 ಡಿಗ್ರಿ. ಕರಾವಳಿಯ ಊರಾದರೆ ಬೇಸಿಗೆಯಲ್ಲೂ ಸಂಜೆಗೊಂದು ಸ್ವೆಟರ್ ಬೇಕು.

ವಿಸಿಟರ್ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆ ಸಾಮಾನ್ಯವಾಗಿ ಸೇರುವುದಿಲ್ಲ, ಹಠಾತ್ ಉಲ್ಬಣಕ್ಕಷ್ಟೇ ಕೆಲವು ಪಾಲಿಸಿಗಳು ಕೊಡುತ್ತವೆ. ‘ಕಾಂಪ್ರಿಹೆನ್ಸಿವ್’ ಪಾಲಿಸಿಯನ್ನೇ ತೆಗೆದುಕೊಳ್ಳಿ. ಪ್ರತಿ ಚಿಕಿತ್ಸೆಗೆ ಇಂತಿಷ್ಟೇ ಎಂದು ಮಿತಿ ಹಾಕಿದ ಅಗ್ಗದ ಪಾಲಿಸಿ ಅಲ್ಲಿನ ಆಸ್ಪತ್ರೆಯ ಒಂದು ರಾತ್ರಿಗೂ ಸಾಲದು. ಇನ್‌ಹೇಲರ್, ಮಾತ್ರೆಗಳನ್ನು ಇರುವಷ್ಟು ದಿನಕ್ಕೆ ಸಾಕಾಗುವಷ್ಟು, ಮೂಲ ಪ್ಯಾಕಿನಲ್ಲೇ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಲಗೇಜಿಗೆ ಹಾಕಬೇಡಿ.