ಮೂಳೆ ಕೂಡಿದೆ, ಕೈ ಇನ್ನೂ ಪಳಗಿಲ್ಲ

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರದ ನಂತರ ಪ್ಲಾಸ್ಟರ್ ತೆಗೆದರು. ಈಗ ಅದಕ್ಕೂ ಎರಡು ತಿಂಗಳಾಗಿದೆ. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಕೂಡಿದೆ ಎನ್ನುತ್ತಾರೆ; ತಾಯಿಗೆ ಬಟ್ಟೆ ಹಿಂಡಲಿಕ್ಕೂ ಆಗುತ್ತಿಲ್ಲ. ಚೇತರಿಕೆಯನ್ನು ಅಳೆಯುವುದು ಹೇಗೆ?

ಉತ್ತರ: ಎಕ್ಸ್‌ರೇ ಹೇಳುವುದು ಮೂಳೆ ಕೂಡಿತೇ, ನೇರವಾಗಿ ಕೂಡಿತೇ ಎಂಬುದನ್ನು ಮಾತ್ರ. ವಯಸ್ಸಾದವರಲ್ಲಿ ಮೂಳೆ ತುಸು ಸೊಟ್ಟಗೆ ಕೂಡಿದರೂ ಕೈ ಚೆನ್ನಾಗಿ ಕೆಲಸ ಮಾಡುವುದುಂಟು, ಚಿತ್ರ ಅಚ್ಚುಕಟ್ಟಾಗಿದ್ದರೂ ನೋವು ಉಳಿಯುವುದುಂಟು. ಆದ್ದರಿಂದ ಮಣಿಕಟ್ಟಿನ ಚಲನೆ, ಹಿಡಿತದ ಬಲ ಮತ್ತು ರೋಗಿಯ ಸ್ವಂತ ಅನುಭವ, ಈ ಮೂರನ್ನೂ ನೋಡಬೇಕಾಗುತ್ತದೆ.

ಚಲನೆಯನ್ನು ಫಿಸಿಯೋಥೆರಪಿಸ್ಟರು ಕೋನಮಾಪಕದಿಂದ ಅಳೆಯುತ್ತಾರೆ. ಕೈಯನ್ನು ಮುಂದಕ್ಕೂ ಹಿಂದಕ್ಕೂ ಸುಮಾರು 40 ಡಿಗ್ರಿ ಬಾಗಿಸಲು ಬಂದರೆ ದಿನನಿತ್ಯದ ಹೆಚ್ಚಿನ ಕೆಲಸಗಳು ನಡೆಯುತ್ತವೆ. ತೀರ್ಥಕ್ಕೆ ಕೈಯೊಡ್ಡುವಂತೆ ಅಂಗೈಯನ್ನು ಮೇಲ್ಮುಖ ಮಾಡಲು ಬರುತ್ತದೆಯೇ ಎಂಬುದನ್ನೂ ಗಮನಿಸಿ. ಹಿಡಿತದ ಬಲವನ್ನು ಡೈನಮೋಮೀಟರ್ ಎಂಬ ಹಿಡಿಯಂಥ ಉಪಕರಣದಿಂದ, ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ, ಮೂರು ಬಾರಿ ಒತ್ತಿಸಿ ಸರಾಸರಿ ತೆಗೆದು ಅಳೆಯುತ್ತಾರೆ. ಬಲಗೈ ರೂಢಿಯವರಿಗೆ ಬಲಗೈಯ ಬಲ ಸಾಮಾನ್ಯವಾಗಿ ಸುಮಾರು ಶೇ 10ರಷ್ಟು ಹೆಚ್ಚಿರುವುದರಿಂದ, ಅದು ಎಡಗೈಗೆ ಸಮನಾಯಿತೆಂದ ಮಾತ್ರಕ್ಕೆ ಚೇತರಿಕೆ ಮುಗಿಯಿತೆಂದು ತಿಳಿಯಬಾರದು. ಬಟ್ಟೆ ಹಿಂಡಲು ಬಿಗಿ ಹಿಡಿತವೂ ತಿರುಚುವ ಬಲವೂ ಒಟ್ಟಿಗೆ ಬೇಕು. ನಿಮ್ಮ ತಾಯಿಗೆ ಅದು ಇನ್ನೂ ಒಲಿಯದಿರುವುದು ಅಸಹಜವಲ್ಲ.

ಈ ಮೂರರಲ್ಲಿ ನಾನು ಹೆಚ್ಚು ನೆಚ್ಚುವುದು ರೋಗಿಯ ಮಾತನ್ನು. ಅದನ್ನು ಅಂಕಗಳಲ್ಲಿ ಹಿಡಿಯಲೆಂದೇ ಕೆನಡಾದ ಜಾಯ್ ಮ್ಯಾಕ್‌ಡರ್ಮಿಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ‘ಪಿಆರ್‌ಡಬ್ಲ್ಯೂಇ’ (‘ರೋಗಿಯೇ ಮಾಡುವ ಮಣಿಕಟ್ಟಿನ ಮೌಲ್ಯಮಾಪನ’ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ನೋವಿನ ಬಗ್ಗೆ 5, ಕೆಲಸಗಳ ಬಗ್ಗೆ 10 ಪ್ರಶ್ನೆಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸಿ, ಕೆಲಸದ ಮೊತ್ತವನ್ನು ಅರ್ಧ ಮಾಡಿ ನೋವಿನ ಮೊತ್ತಕ್ಕೆ ಕೂಡಿಸಿದರೆ 100ಕ್ಕೆ ಲೆಕ್ಕ ಸಿಗುತ್ತದೆ. ಅಂಕ ಇಳಿದಷ್ಟೂ ಒಳ್ಳೆಯದು. ಹತ್ತಕ್ಕಿಂತ ಕಡಿಮೆ ಅಂಕಗಳ ಏರಿಳಿತಕ್ಕೆ ಹೆಚ್ಚು ಅರ್ಥ ಹಚ್ಚುವುದು ಬೇಡ. ಚಾಕುವಿನಿಂದ ಮಾಂಸ ಕತ್ತರಿಸುವುದು, ಟಾಯ್ಲೆಟ್ ಕಾಗದ ಬಳಸುವುದು ಮುಂತಾದ ಅದರ ಪ್ರಶ್ನೆಗಳು ನಮ್ಮ ಎಷ್ಟೋ ಮನೆಗಳಿಗೆ ಹೊಂದುವುದಿಲ್ಲ ಎಂಬುದು ಬೇರೆ ಮಾತು.

ಮನೆಯಲ್ಲಿ ನೀವು ಹೀಗೆ ಮಾಡಬಹುದು: ಚಪಾತಿ ಲಟ್ಟಿಸುವುದು, ತುಂಬಿದ ಚೊಂಬು ಎತ್ತುವುದು, ಕೈಯೂರಿ ಏಳುವುದು, ಬಟ್ಟೆ ಹಿಂಡುವುದು ಇವುಗಳಿಗೆ ಎರಡು ವಾರಕ್ಕೊಮ್ಮೆ ತಾಯಿಯಿಂದಲೇ ಅಂಕ ಹಾಕಿಸಿ ಬರೆದಿಡಿ. ಹಳೆಯ ಅಂಕಗಳನ್ನು ಮೊದಲೇ ತೋರಿಸಬೇಡಿ. ಸುಧಾರಣೆಯ ದೊಡ್ಡ ಪಾಲು ಮೊದಲ ಆರು ತಿಂಗಳಲ್ಲಿ ಬರುತ್ತದೆ, ಉಳಿದದ್ದು ವರ್ಷದವರೆಗೂ ನಿಧಾನವಾಗಿ ಮುಂದುವರಿಯುತ್ತದೆ.

ಆದರೆ ಉರಿಯುವಂಥ ನೋವು, ಊತ, ಚರ್ಮದ ಬಣ್ಣ ಬದಲಾಗುವುದು, ಬೆರಳು ಜೋಮು ಹಿಡಿಯುವುದು ಅಥವಾ ಹೆಬ್ಬೆರಳನ್ನು ಇದ್ದಕ್ಕಿದ್ದಂತೆ ಎತ್ತಲಾಗದಿರುವುದು ಕಂಡರೆ ಮುಂದಿನ ಎಣಿಕೆಯವರೆಗೆ ಕಾಯದೆ ವೈದ್ಯರ ಬಳಿ ಹೋಗಿ. ಈ ವಯಸ್ಸಿನಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದಿರುವುದರಿಂದ ಮೂಳೆಸಾಂದ್ರತೆಯ ಪರೀಕ್ಷೆ ಆಗಿದೆಯೇ ಎಂದೂ ಕೇಳಿಕೊಳ್ಳಿ.