ತುಲೂಸಿನ ನೀಲಿ ವ್ಯಾಪಾರಿಯ ಮನೆ

ಪ್ರಶ್ನೆ: ಮಗ ಫ್ರಾನ್ಸಿನ ತುಲೂಸ್‌ನಲ್ಲಿ ವಿಮಾನ ಕಂಪನಿ ಕೆಲಸದಲ್ಲಿದ್ದಾನೆ, ಬರೋ ತಿಂಗಳು ನಾವಿಬ್ಬರೂ ಹೋಗೋರಿದ್ದೇವೆ. ಅಲ್ಲಿ ಒತೆಲ್ ದಾಸೆಝಾ ಅನ್ನೋ ಹಳೇ ಬಂಗಲೆ ನೋಡ್ಲೇಬೇಕು ಅಂತಾನೆ ಅವ. ನಮ್ಮನೆಯವರು ಮಾತ್ರ ಹಳೇ ಮನೆ ನಮ್ಮಲ್ಲೇ ಬೇಕಾದಷ್ಟಿದೆ ಅಂತಾರೆ. ಹೋಗ್ಬಹುದಾ?
– ಓದುಗಿ, ಕುಮಟಾ

ಉತ್ತರ: ಖಂಡಿತ ಹೋಗಿ ಅಕ್ಕಾ, ಯಜಮಾನರನ್ನೂ ಬಿಡ್ಬೇಡಿ. ಆದ್ರೆ ಒಳಗಿನ ಮ್ಯೂಸಿಯಂಗೆ ಓಡೋಕೆ ಮುಂಚೆ ಅಂಗಳದಲ್ಲಿ ನಿಂತು ಗೋಡೆ ನೋಡಿ, ಅಲ್ಲೇ ಇರೋದು ಕಥೆ ಎಲ್ಲ. ನಮ್ಮ ಕಡೆ ಚಿರೇಕಲ್ಲು ಹೆಂಗೋ ಅಲ್ಲಿ ಇಟ್ಟಿಗೆ ಹಂಗೆ, ಊರೆಲ್ಲ ಕೆಂಪು ಕೆಂಪು. ಹತ್ತಿರದಲ್ಲಿ ಒಳ್ಳೇ ಕಲ್ಲು ಸಿಗೋದು ಕಷ್ಟ, ಹಂಗಾಗಿ ಕಲ್ಲು ತರಿಸಿ ಹಾಕಿಸಿದ ಅಂದ್ರೆ ಅವ ದೊಡ್ಡ ಸಾಹುಕಾರ ಅಂತ ಲೆಕ್ಕ. ಇಲ್ಲಿ ಇಟ್ಟಿಗೆ ಗೋಡೆಗೆ ಬಿಳೀ ಕಲ್ಲಿನ ಜೋಡಿ ಕಂಬ, ಕೆಳಗೆ ಡೋರಿಕ್, ನಡುವೆ ಅಯಾನಿಕ್, ಮೇಲೆ ಕೊರಿಂಥಿಯನ್ ಅಂತ ಹಳೇ ಗ್ರೀಕ್ ಶೈಲಿಗಳು, ಒಂದೊಂದು ಮಹಡಿಗೂ ಕಂಬದ ತಲೆ ಬೇರೆ, ಕತ್ತೆತ್ತಿ ಒಂದೊಂದಾಗಿ ನೋಡ್ತಾ ಹೋಗಿ.

ಕಟ್ಟಿಸಿದವ ಪಿಯೆರ್ ದಾಸೆಝಾ, 1555ರಲ್ಲಿ ಶುರು ಮಾಡಿದ್ದು, ಶಿಲ್ಪಿ ನಿಕೊಲಾ ಬಾಶೆಲಿಯೆ. ದುಡ್ಡು ಬಂದಿದ್ದು ಬಣ್ಣದಿಂದ. ಪಾಸ್ತೆಲ್ ಅಂತ ಹಳದಿ ಹೂವಿನ ಗಿಡ, ಅದರ ಎಲೆ ಅರೆದು ಉಂಡೆ ಕಟ್ಟಿ ಒಣಗಿಸಿ, ಆಮೇಲೆ ಪುಡಿ ಮಾಡಿ ನೀರು ಹಾಕಿ ಕೊಳೆಸಿದ್ರೆ ಬಟ್ಟೆಗೆ ನೀಲಿ ಬಣ್ಣ ಸಿಗ್ತಿತ್ತು, ತುಲೂಸಿನ ವ್ಯಾಪಾರಿಗಳು ಅದನ್ನೇ ಹೊರಗೆ ಮಾರಿ ಇಂಥಾ ಮನೆ ಕಟ್ಟಿಸಿದ್ರು. ಆಮೇಲೆ ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಧರ್ಮಯುದ್ಧ ಶುರುವಾಯ್ತು, ಕಡೆಗೆ ನಮ್ಮ ದೇಶದ ಇಂಡಿಗೋ ಅನ್ನೋ ಗಿಡದ ನೀಲಿ ಬಣ್ಣ ಹಡಗಲ್ಲಿ ಹೋಗಿ ಇಳೀತು ನೋಡಿ, ಅದರಲ್ಲಿ ಬಣ್ಣದ ಸತ್ವ ಎಷ್ಟೋ ಜಾಸ್ತಿ, ಪಾಸ್ತೆಲ್ ವ್ಯಾಪಾರ ಕುಸಿದೇ ಹೋಯ್ತು. ಇದನ್ನ ಯಜಮಾನರಿಗೆ ಹೇಳಿ, ಈ ಮನೆಗೂ ನಮಗೂ ಏನು ಸಂಬಂಧ ಅಂತ ಕೇಳೋದಿಲ್ಲ ಅವರು.

ದಾಸೆಝಾ ಪ್ರಾಟೆಸ್ಟೆಂಟ್ ಆಗಿದ್ದ, 1562ರ ಗಲಾಟೆಯಲ್ಲಿ ಊರೇ ಬಿಡಬೇಕಾಯ್ತು. ಅಂದ್ಕೊಂಡ ಹಂಗೆ ಮನೆ ಪೂರ್ತಿ ಆಗಲೇ ಇಲ್ಲ, ಅಂಗಳದ ಒಂದು ಬದಿಗೆ ಕೋಣೆಗಳೇ ಇಲ್ಲ, ಬರೀ ಗೋಡೆ, ಅದಕ್ಕೆ ಕಲ್ಲಿನ ಆಸರೆ ಕೊಟ್ಟು ಮೇಲೊಂದು ಮುಚ್ಚಿದ ಓಣಿ ಹಾಯಿಸಿದ್ದಾರೆ. ನನಗೆ ಆ ಗೋಡೆನೇ ಎಲ್ಲಕ್ಕಿಂತ ಇಷ್ಟ, ಕಡಿಮೆ ಜಾಗ ಸಿಕ್ಕಿದ್ರೂ ಚೆಂದ ಬಿಡಲಿಲ್ಲ.

ಒಳಗೆ ಬೆಂಬರ್ಗ್ ಫೌಂಡೇಶನ್ ಮ್ಯೂಸಿಯಂ, ಫ್ರೆಂಚ್ ಚಿತ್ರಕಾರ ಬೊನಾರ್‌ನ ಚಿತ್ರಗಳಿರೋ ಕೋಣೆ ತಪ್ಪಿಸ್ಬೇಡಿ. ಟಿಕೆಟ್ ಮ್ಯೂಸಿಯಂಗೆ ಮಾತ್ರ, ಅಂಗಳಕ್ಕಲ್ಲ. ಮೆಟ್ರೋದಲ್ಲಿ ಎಸ್ಕಿರೋಲ್ ಸ್ಟೇಷನ್ ಇಳಿದ್ರೆ ನಡೆಯೋಷ್ಟೇ ದೂರ. ಸೋಮವಾರ ಮ್ಯೂಸಿಯಂ ಬಂದ್ ಇರ್ತದೆ, ಮಗನಿಗೆ ರಜೆ ಇರೋ ಶನಿವಾರವೇ ಅಡ್ಡಿಲ್ಲ.